ಮೂರನೇ ಕೃಷ್ಣನ ವಾರ

ದುಡಿದವನು ಸಂಜೆಗೆ ಕೂಲಿ ಎಣಿಸಿಕೊಳ್ಳುವುದು ಲೋಕದ ರೂಢಿ. ರಾತ್ರಿಯಿಡೀ ಗಂಟಲು ಹರಿದುಕೊಂಡು ದುಡಿದು, ಆ ದುಡಿಮೆಗೆ ತಾನೇ ಮುಂಗಡವಾಗಿ ದುಡ್ಡು ಕಟ್ಟುವ ಕಸುಬೂ ಒಂದಿದೆ. ಅದನ್ನು ನೋಡಬೇಕಾದರೆ ನಮ್ಮ ಕಪಿಲಾ ತೀರಕ್ಕೆ ಬರಬೇಕು. ಸುಗ್ಗಿ ಮುಗಿದು ಹಬ್ಬ, ಕೊಂಡ, ಜಾತ್ರೆ ಶುರುವಾದವೆಂದರೆ ನಂಜನಗೂಡಿನಿಂದ ತಿ. ನರಸೀಪುರದ ಆಚೆಯವರೆಗೆ ಒಂದಲ್ಲ ಒಂದು ಊರಿನಲ್ಲಿ ‘ಕುರುಕ್ಷೇತ್ರ’ ಕಟ್ಟುತ್ತಾರೆ. ದುರ್ಯೋಧನನಿಗೆ ಇಷ್ಟು, ಕರ್ಣನಿಗೆ ಇಷ್ಟು, ಶಕುನಿಗೆ ಇಷ್ಟು ಅಂತ ಪಾತ್ರಕ್ಕೊಂದು ರೇಟು. ಕೊಡುವವನು ಪಾತ್ರಧಾರಿ, ಇಸಕೊಳ್ಳುವುದು ನಾಟಕದ ಕಮಿಟಿ. ದುರ್ಯೋಧನ ಯಾವತ್ತೂ ತುಟ್ಟಿ. ಧರ್ಮರಾಯ ಅಗ್ಗಕ್ಕೆ ಸಿಗುತ್ತಾನೆ, ಆದರೂ ಗಿರಾಕಿ ಕಡಿಮೆ.

ಆ ದುಡ್ಡನ್ನು ಯಾರೂ ಜೇಬಿಗಿಳಿಸುವುದಿಲ್ಲ, ಅದನ್ನೂ ಹೇಳಿಬಿಡಬೇಕು. ಸೀನರಿಯವನಿಗೆ ಹೋಗುತ್ತದೆ, ಮೈಕಿನವನಿಗೆ, ಬಣ್ಣ ಹಚ್ಚುವವನಿಗೆ, ಹಾರ್ಮೋನಿಯಂ ಮೇಷ್ಟ್ರಿಗೆ, ತಬಲದವನಿಗೆ, ಕರಪತ್ರ ಮುದ್ರಿಸಿದವನಿಗೆ. ದೊಡ್ಡ ಪಾಲು ಸ್ತ್ರೀಪಾತ್ರಕ್ಕೆ ಹೊರಗಿನಿಂದ ಬರುವ ಹೆಣ್ಣುಮಕ್ಕಳಿಗೆ. ಹದಿನೆಂಟು ಅಕ್ಷೋಹಿಣಿ ಸೈನ್ಯದ ಆ ಮಹಾಯುದ್ಧದಲ್ಲಿ ಸಂಬಳ ಎಣಿಸಿಕೊಂಡು ಬಸ್ ಹತ್ತುವವರು ದ್ರೌಪದಿ, ಕುಂತಿ, ಉತ್ತರೆ ಮಾತ್ರ. ಗಂಡಸರೆಲ್ಲ ಕೈಯಿಂದ ಕೊಟ್ಟು ಸಾಯುತ್ತಾರೆ.

ನಮ್ಮ ಬೇಲಿಯಾಚೆಯ ಮನೆಯ ಹುಡುಗ ಹೀಗೆ ಕೈಯಿಂದ ಕೊಟ್ಟವನು. ರೇಷನ್ ಕಾರ್ಡಿನಲ್ಲಿ ಅವನಿಗೆ ಬೇರೆ ಹೆಸರಿದೆ; ಬೀದಿಯಲ್ಲಿ ಮಾತ್ರ ‘ಮೂರನೇ ಕೃಷ್ಣ’. ಒಂದೇ ನಾಟಕಕ್ಕೆ ಮೂವರು ಕೃಷ್ಣರು ಯಾಕೆ ಅಂತ ಹೊರಗಿನವರು ಕೇಳುತ್ತಾರೆ. ಒಬ್ಬನೇ ಹೊತ್ತರೆ ಬೆಳಗಾಗುವಷ್ಟರಲ್ಲಿ ಗಂಟಲು ಕಿತ್ತುಹೋಗುತ್ತದೆ ಅನ್ನುವುದು ಹೇಳುವ ಕಾರಣ. ಮೂವರಿದ್ದರೆ ಮೂರು ರೇಟು ಬರುತ್ತದೆ ಅನ್ನುವುದು ಹೇಳದ ಕಾರಣ. ಮೊದಲನೆಯವನು ದ್ವಾರಕೆಯಲ್ಲಿ ಮಂಚದ ಮೇಲೆ ಕಳ್ಳನಿದ್ದೆ ಮಾಡುವ ಕೃಷ್ಣ. ಎರಡನೆಯವನು ಸಂಧಾನಕ್ಕೆ ಹೋಗುವವನು. ಮೂರನೆಯವನು ಯುದ್ಧದ ಕೃಷ್ಣ. ಮೊದಲನೆಯವನು ಬರುವಾಗ ಊರಿಗೆ ಊರೇ ಕಣ್ಣರಳಿಸಿ ಕೂತಿರುತ್ತದೆ, ಶಿಳ್ಳೆ, ಹಾರ, ‘ಒನ್ಸ್ ಮೋರ್’. ಮೂರನೆಯವನು ರಂಗಕ್ಕೆ ಬರುವುದು ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ. ಗೀತೋಪದೇಶ ಶುರುವಾಗುವಾಗ ಮುಂದಿನ ಸಾಲಿನಲ್ಲಿ ತಲೆಗೆ ಮಫ್ಲರ್ ಸುತ್ತಿದ ನಾಲ್ಕು ಜನ ಅಜ್ಜಂದಿರು, ಶಾಮಿಯಾನದ ಕೆಳಗೆ ಕಂಬಳಿ ಹೊದ್ದು ಮಲಗಿದ ಮಕ್ಕಳು, ರಥದ ಮೇಲೆ ಅರ್ಜುನ. ಅರ್ಜುನನಿಗೂ ತೂಕಡಿಕೆ. ಯುದ್ಧ ಬೇಡ ಅಂತ ಅವನು ಬಿಲ್ಲು ಕೆಳಗಿಡುವುದರಲ್ಲಿ ನಟನೆ ಎಷ್ಟು, ನಿದ್ದೆ ಎಷ್ಟು ಅಂತ ನನಗೆ ಯಾವಾಗಲೂ ಅನುಮಾನ.

ಹೊಟ್ಟೆಪಾಡಿಗೆ ಹುಡುಗನಿಗೆ ಒಂದು ಲಗೇಜ್ ಆಟೋ ಇದೆ, ಆಟೋಕ್ಕೊಂದು ಸಾಲವಿದೆ. ತೆಂಗಿನಕಾಯಿ, ಬಾಳೆಗೊನೆಗಳನ್ನು ದೇವಸ್ಥಾನದ ಬೀದಿಯ ಅಂಗಡಿಗಳಿಗೆ ಹಾಕುತ್ತಾನೆ. ಗೊನೆ ಅಂದೆ, ನಂಜನಗೂಡಿನ ರಸಬಾಳೆ ಅನ್ನಲಿಲ್ಲ. ಅಸಲಿ ರಸಬಾಳೆ ಸೊರಗು ರೋಗಕ್ಕೆ ಸಿಕ್ಕಿ ಅಪರೂಪವಾಗಿದೆ. ಪರಊರಿನ ಭಕ್ತರು ರಸಬಾಳೆ ಅಂತ ಚೀಲ ತುಂಬಿಕೊಂಡು ಹೋಗುವುದರಲ್ಲಿ ಬಹುಪಾಲು ಬೇರೆ ಜಾತಿಯ ಹಣ್ಣು. ‘ನಮ್ಮೂರಲ್ಲಿ ಪಾತ್ರ ಮಾಡಿ ದುಡ್ಡು ತಗೊಳ್ಳೋದು ಬಾಳೆಹಣ್ಣು ಒಂದೇ ಸಾ’ ಅಂತ ಅವನೇ ಹೇಳಿದ್ದ.

ಹೋದ ವಾರದ ಕಥೆ ಹೇಳುತ್ತೇನೆ. ಅವನ ಎಲ್ಲ ವಾರವೂ ಹೆಚ್ಚುಕಡಿಮೆ ಹೀಗೆಯೇ. ಇದರಲ್ಲಿ ಸ್ವಲ್ಪ ಗಡ್ಡದ ವಿಚಾರ ಸೇರಿಕೊಂಡಿತು, ಅಷ್ಟೆ.

ಸೋಮವಾರ ನಂಜುಂಡನ ವಾರ. ಕಪಿಲೆಯ ಸೋಪಾನದ ಹತ್ತಿರ ಮುಡಿ ಕೊಡುವವರ ಸಾಲು, ದೇವಸ್ಥಾನದ ಬೀದಿಯಲ್ಲಿ ಆಟೋ ನುಗ್ಗಿಸಲು ಜಾಗವಿಲ್ಲ. ಇಡೀ ಊರು ದೇವರಿಗೆ ಕೂದಲು ಕೊಡುತ್ತಿದ್ದರೂ ನಮ್ಮ ಹುಡುಗ ಗಡ್ಡದ ಒಂದು ಎಳೆ ಬಿಟ್ಟುಕೊಟ್ಟವನಲ್ಲ. 2018ರಲ್ಲಿ ಯಶ್ ಅವರ ‘ಕೆಜಿಎಫ್’ ಸಿನಿಮಾ ಬಂದಾಗಿನಿಂದ ಸಾಕಿದ ಗಡ್ಡ ಅದು. ಅವನು ಅವಕಾಶ ಕೇಳುವ ಸೀರಿಯಲ್ಲಿನವರಿಗೆ ಈಗ ರೌಡಿಯಾಗಲಿ, ರೈತನಾಗಲಿ, ಎದುರುಮನೆ ಡಾಕ್ಟರಾಗಲಿ ಗಡ್ಡವೇ ಬೇಕು. ಹೋದ ವರ್ಷ ಕೃಷ್ಣನಾದಾಗ ಬಣ್ಣದ ಮೇಷ್ಟ್ರು ಗಡ್ಡದ ಮೇಲೇ ನೀಲಿ ಬಳಿದು ಹೇಗೋ ಸಾಗಹಾಕಿದ್ದರು. ಹಿಂದಿನ ಸಾಲಿನಿಂದ ಯಾರೋ ‘ಕೃಷ್ಣ ಅಲ್ಲ ಕನ್ಲಾ, ಜಾಂಬವಂತ’ ಅಂದಿದ್ದರು. ಈ ಸಲ ಕಮಿಟಿಯವರು ಖಡಾಖಂಡಿತ: ಬೋಳಿಸದಿದ್ದರೆ ಕರಪತ್ರದಲ್ಲಿ ಫೋಟೋ ಇಲ್ಲ. ಫೋಟೋ ಬುಧವಾರ ಪ್ರೆಸ್ಸಿಗೆ ಹೋಗಬೇಕು, ಮಂಗಳವಾರ ಸಲೂನುಗಳಿಗೆ ರಜೆ. ಹಾಗಾಗಿ ಸೋಮವಾರ ಸಂಜೆಯೇ ಹೋಗಿ ಕೂತ.

ಸಂಜೆ ಅವನ ತಾಯಿ ದಾಸವಾಳದ ಬೇಲಿಯ ಮೇಲಿಂದ ಕತ್ತು ಚಾಚಿ, ‘ನೋಡಿದ್ರಾ ಮೇಷ್ಟ್ರೇ, ಗಡ್ಡ ಇದ್ದಾಗ ಪೋಲೀಸ್ನೋರು ಹುಡುಕೋ ಆಸಾಮಿಯಂಗಿದ್ದ. ಈಗ ವಸಿ ಮನ್ಸನಂಗವ್ನೆ’ ಅಂದರು. ಹುಡುಗನ ಮುಖದಲ್ಲಿ ಬಿಸಿಲು ಕಂಡ ಭಾಗ, ಕಾಣದ ಭಾಗ ಎರಡು ಬಣ್ಣವಾಗಿತ್ತು.

‘ಯೋಚನೆ ಮಾಡಬೇಡ ಕಣೋ. ರಾಜಕುಮಾರ್ ಕೂಡ 1954ರಲ್ಲಿ ಬೇಡರ ಕಣ್ಣಪ್ಪ ಆಗೋದಕ್ಕೆ ಮುಂಚೆ ಶ್ರೀನಿವಾಸ ಕಲ್ಯಾಣದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರಾಗಿ ನಿಂತಿದ್ದರು’ ಅಂತ ನಾನು ಮಾಮೂಲಿನ ಸಮಾಧಾನ ಹೇಳಿದೆ.

ತಾಯಿ ಒಂದು ಗಳಿಗೆ ಯೋಚಿಸಿದರು. ‘ಮಿಕ್ಕ ಆರು ಜನ ಏನಾದ್ರು ಮೇಷ್ಟ್ರೇ?’

ಆ ಪ್ರಶ್ನೆಯನ್ನು ಸಿನಿಮಾ ಇತಿಹಾಸ ಬರೆದವರು ಯಾರೂ ಕೇಳಿದಂತಿಲ್ಲ. ನಾನು ಗಿಡಕ್ಕೆ ನೀರು ಬಿಡುವ ನೆಪದಲ್ಲಿ ಜಾರಿಕೊಂಡೆ.

ಮಂಗಳವಾರ ಬೆಳಿಗ್ಗೆ ಫೋನು. ಬೆಂಗಳೂರಿನ ಕೋ-ಆರ್ಡಿನೇಟರ್. ಈ ಕೋ-ಆರ್ಡಿನೇಟರ್ ಅನ್ನುವ ಪ್ರಾಣಿಯ ಬಗ್ಗೆ ಎರಡು ಮಾತು. ಸೀರಿಯಲ್ಲಿಗೋ ಸಿನಿಮಾಕ್ಕೋ ಇಪ್ಪತ್ತು ಜನ ಮದುವೆಮನೆಯವರು, ಹತ್ತು ಜನ ಪೋಲೀಸರು, ಆರು ಜನ ರೌಡಿಗಳು ಬೇಕಾದಾಗ ಒದಗಿಸುವವನು ಅವನು. ಹುಡುಗರ ಫೋಟೋಗಳೆಲ್ಲ ಅವನ ವಾಟ್ಸಾಪಿನಲ್ಲಿ: ಎದುರು, ಪಕ್ಕ, ನಿಂತದ್ದು. ದಿನದ ಬಾಟಾದಲ್ಲಿ ಅವನದು ಇಷ್ಟು ಅಂತ ಮುರಿದುಕೊಂಡು ಉಳಿದದ್ದನ್ನು ಒಂದು ತಿಂಗಳಿಗೋ ಎರಡು ತಿಂಗಳಿಗೋ ಕಳಿಸುತ್ತಾನೆ. ನಮ್ಮ ಹುಡುಗ ಅವನ ಮೂಲಕವೇ ಹಿಂದೊಮ್ಮೆ ಪತ್ತೇದಾರಿ ಸೀರಿಯಲ್ಲಿನಲ್ಲಿ ಹೆಣವಾಗಿದ್ದ. ಬೆಳಗಿನಿಂದ ಮಧ್ಯಾಹ್ನದವರೆಗೆ ನೆಲದ ಮೇಲೆ ಮಲಗಿ, ಕೊನೆಗೆ ಕ್ಯಾಮೆರಾ ಹತ್ತಿರ ಬಂದಾಗ ಹೊಟ್ಟೆ ಅಲುಗಿತು ಅಂತ ಬೈಸಿಕೊಂಡು ಬಂದ. ಆ ಕಂತು ಟಿ.ವಿ.ಯಲ್ಲಿ ಬಂದ ರಾತ್ರಿ ತಾಯಿ ಪಡಸಾಲೆಗೇ ಬರಲಿಲ್ಲ. ಮಗ ಟಿ.ವಿ.ಯಲ್ಲಿ ಬಂದದ್ದಕ್ಕೆ ಬೀದಿಗೆಲ್ಲ ಸಂಭ್ರಮ. ಹೆತ್ತವಳಿಗೆ ಮಗನ ಮೇಲೆ ಬಿಳಿಬಟ್ಟೆ ಹೊದಿಸಿದ್ದನ್ನು ನೋಡಲಾದೀತೆ?

ಅವತ್ತಿನ ಫೋನಿನ ಮೊದಲ ಮಾತೇ, ‘ಗಡ್ಡ ಇದೆ ತಾನೆ?’

ಹುಡುಗ ‘ಇದೆ ಸಾ’ ಅಂದುಬಿಟ್ಟ. ನಟ ಅಲ್ಲವೆ.

ಬುಧವಾರ ನಸುಕಿನಲ್ಲಿ ಹೊರಟ. ನಂಜನಗೂಡಿನಿಂದ ಮೈಸೂರಿಗೆ ಬಸ್ಸು, ಅಲ್ಲಿಂದ ಚಾಮುಂಡಿ ಎಕ್ಸ್‌ಪ್ರೆಸ್ಸು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲವಲ್ಲ. ‘ಹಳೇ ಕಾಲದಂಗೆ ಗಂಡಸ್ರೇ ಸ್ತ್ರೀಪಾತ್ರ ಮಾಡೋದಾಗಿದ್ರೆ ಸೀರೆ ಉಟ್ಟುಕೊಂಡೇ ಹೋಗ್ತಿದ್ದೆ ಸಾ, ಮೈಸೂರುಗಂಟ ಚಾರ್ಜು ಉಳೀತಿತ್ತು’ ಅಂತ ಹೋಗುವಾಗ ಹೇಳಿಹೋದ. ಬಸ್ಸಿನಲ್ಲಿ ಕಂಡಕ್ಟರು ಮುಂದಿನ ಸೀಟಿನ ಡ್ರೈವರನ್ನು ತೋರಿಸಿ, ‘ಯಶ್ ಅವರಪ್ಪನೂ ಬಸ್ ಡ್ರೈವರ್ರೇ ಅಲ್ವ’ ಅಂದನಂತೆ. ಈ ಮಾತು ನಮ್ಮ ಕಡೆ ಪ್ರತಿ ಬಸ್ಸಿನಲ್ಲೂ ಕೇಳುತ್ತದೆ. ಡ್ರೈವರ ಮಕ್ಕಳೆಷ್ಟು ಜನ, ಯಶ್ ಎಷ್ಟು ಜನ ಅನ್ನುವ ಲೆಕ್ಕ ಯಾವ ಕಂಡಕ್ಟರೂ ಹಾಕುವುದಿಲ್ಲ.

ಆಡಿಷನ್ ಇದ್ದದ್ದು ಒಂದು ಬಡಾವಣೆಯ ಮನೆಯ ಮೇಲಂತಸ್ತಿನಲ್ಲಿ. ಹೊರಗೆ ಚಪ್ಪಲಿಗಳ ರಾಶಿ, ಮೆಟ್ಟಿಲುದ್ದಕ್ಕೂ ಹಾವೇರಿ, ಬಳ್ಳಾರಿ, ಹಾಸನ, ಎಲ್ಲೆಲ್ಲಿಯೋ ಹುಡುಗರು, ಎಲ್ಲರ ಕೈಯಲ್ಲೂ ನೀರಿನ ಬಾಟಲಿ. ಎಲ್ಲರಿಗೂ ಗಡ್ಡ. ಇವನೊಬ್ಬನದೇ ನುಣ್ಣಗಿನ ಕೆನ್ನೆ. ಒಳಗಿದ್ದವನು ನೋಡಿದ ತಕ್ಷಣ, ‘ಫೋಟೋದಲ್ಲಿ ಇದ್ದೋರು ನೀವೇನಾ? ಅಣ್ಣನೋ ತಮ್ಮನೋ?’ ಅಂದನಂತೆ. ಆದರೂ ಬಂದದ್ದು ಬಂದಾಗಿದೆ ಅಂತ ಗೋಡೆಗೆ ನಿಲ್ಲಿಸಿದರು. ಹೆಸರು, ವಯಸ್ಸು, ಎತ್ತರ, ಊರು ಹೇಳಿ. ಎಡಕ್ಕೆ ತಿರುಗಿ. ಬಲಕ್ಕೆ ತಿರುಗಿ. ಏನಾದರೂ ಮಾಡಿ ತೋರಿಸಿ.

ಇವನು ಸಂಧಾನದ ಕೃಷ್ಣನನ್ನು ಎತ್ತಿಕೊಂಡ. ಆ ಪಾರ್ಟು ಅವನದಲ್ಲ, ಎರಡನೇ ಕೃಷ್ಣನದು. ಊರಲ್ಲಿ ಕೊಡದೆ ಇದ್ದದ್ದನ್ನು ಬೆಂಗಳೂರಿನಲ್ಲಾದರೂ ಆಡಿಬಿಡೋಣ ಅಂತ. ಕೌರವನ ಸಭೆ ಕೇಳುವ ಹಾಗೆ ಎರಡು ಮಾತು ಹೇಳುವಷ್ಟರಲ್ಲಿ ಕೆಳಗಿನಿಂದ ಮನೆ ಮಾಲೀಕರು ಮೆಟ್ಟಿಲು ಹತ್ತಿ ಬಂದರು, ಏನು ಜಗಳ ಅಂತ. ಒಳಗಿದ್ದವನು ನಕ್ಕು, ‘ಬ್ರದರ್, ಮೈಕ್ ಇದೆ. ಇಷ್ಟು ಜೋರು ಬೇಡ. ಕಣ್ಣಲ್ಲೇ ಮಾಡಿ’ ಅಂದ.

‘ಕಣ್ಣಲ್ಲಿ ಮಾಡಿದ್ರೆ ಹಿಂದಿನ ಸಾಲಿಗೆ ಕಾಣಲ್ಲ ಸಾ.’

ಇದು ತಮಾಷೆಯ ಮಾತಾಗಿ ಅಲ್ಲಿ ಎಲ್ಲರೂ ನಕ್ಕರಂತೆ. ನನಗೆ ಮಾತ್ರ ಇದರಲ್ಲಿ ಎರಡು ವಿದ್ಯೆಗಳ ಕಷ್ಟ ಕಾಣುತ್ತದೆ. ಬಯಲಿನಲ್ಲಿ ಮೈಕಿದ್ದರೂ ಗಂಟಲೇ ಗತಿ. ಭುಜಕೀರ್ತಿ, ಎದೆಪದಕ, ಕಿರೀಟ ಹೊತ್ತವನು ಕತ್ತು ತಿರುಗಿಸಬೇಕಾದರೆ ಇಡೀ ಮೈ ತಿರುಗಿಸಬೇಕು, ನಡಿಗೆಯಲ್ಲೇ ಕೋಪ ತೋರಿಸಬೇಕು, ಕಂದಪದ್ಯದ ಕೊನೆಯ ಅಕ್ಷರವನ್ನು ಕೆರೆಯಾಚೆಗೆ ಎಸೆಯಬೇಕು. ಮೂರು ತಿಂಗಳು ಮೇಷ್ಟ್ರ ಕೈಯಲ್ಲಿ ಪಳಗಿದ ಈ ಮೈ ಕ್ಯಾಮೆರಾದ ಮುಂದೆ ಬಂದರೆ ಎಲ್ಲವೂ ‘ಓವರ್’. ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರ ಕೈಯಲ್ಲಿ ಶುರುವಾದ ರಂಗಾಯಣವಿದೆ, ಮಂಡ್ಯ ರಮೇಶ್ ಅವರ ‘ನಟನ’ ರಂಗಶಾಲೆ ಇದೆ. ಅಲ್ಲಿ ಕಲಿತವರಿಗೆ ಎರಡೂ ಮೈ ಬರುತ್ತದೆ. ಹೋಗಿ ಕಲಿ ಅಂತ ನಾನೂ ಹೇಳಿದ್ದೆ. ದಿನವಿಡೀ ಅಲ್ಲಿ ಕೂತರೆ ಆಟೋದ ಕಂತು ಯಾರು ಕಟ್ಟುತ್ತಾರೆ?

ಎರಡನೆಯ ಪೆಟ್ಟು ಭಾಷೆಯದು. ಬೇಕಾಗಿದ್ದದ್ದು ಹಳ್ಳಿಯ ಹುಡುಗನ ಪಾತ್ರವೇ. ‘ಮಂಡ್ಯ ಸ್ಟೈಲಲ್ಲಿ ಹೇಳಿ’ ಅಂದರು. ಇವನು ತನ್ನ ಮನೆಯಲ್ಲಿ ಆಡುವ ಹಾಗೆ ಹೇಳಿದ. ‘ಇದು ಬೇರೆ ಥರ ಇದೆಯಲ್ಲ, ಜನಕ್ಕೆ ಅರ್ಥ ಆಗಲ್ಲ’ ಅಂದರು. ಮುಂದೆ ನಿಂತಿದ್ದ ಬೆಂಗಳೂರಿನ ಹುಡುಗನೊಬ್ಬ ಟಿ.ವಿ. ನೋಡಿ ಕಲಿತ ಮಂಡ್ಯ ಕನ್ನಡದಲ್ಲಿ ಹೇಳಿದ. ಅದು ‘ನ್ಯಾಚುರಲ್’ ಆಯಿತು. ಈ ನಂಜನಗೂಡು ತಾಲ್ಲೂಕಿನ ದೇವನೂರಿನ ಮಹಾದೇವ ಅವರು ಇದೇ ಮಾತಿನಲ್ಲಿ ‘ಕುಸುಮಬಾಲೆ’ ಬರೆದು 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಅವರ ‘ಒಡಲಾಳ’ ರಂಗಕ್ಕೆ ಬಂದಾಗ ಸಾಕವ್ವನಾಗಿ ಉಮಾಶ್ರೀ ಮನೆಮಾತಾದರು. ನಮ್ಮ ಸೀಮೆಯ ಮಾತಿಗೆ ಪ್ರಶಸ್ತಿ ಇದೆ, ಕಾಲ್‌ಶೀಟ್ ಇಲ್ಲ.

ಹೋಗಲಿ, ಹಳ್ಳಿಯವರೇ ಬೇಕು ಅಂದವರೂ ಇದ್ದಾರೆ. ರಾಮ್ ರೆಡ್ಡಿ ‘ತಿಥಿ’ ಮಾಡಿದಾಗ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಮುತ್ತಲ ಜನರನ್ನೇ ಹಾಕಿಕೊಂಡರು. 2015ರಲ್ಲಿ ದೂರದ ಲೊಕಾರ್ನೊದಲ್ಲಿ ಆ ಸಿನಿಮಾಕ್ಕೆ ಬಹುಮಾನ ಬಂತು, ಗಡ್ಡಪ್ಪ, ಸೆಂಚುರಿ ಗೌಡ ಹೆಸರುವಾಸಿಯಾದರು. ಗಡ್ಡಪ್ಪನಿಗೆ ಆಮೇಲೆ ಎಷ್ಟೊಂದು ಸಿನಿಮಾಗಳು! ನಮ್ಮ ಹುಡುಗನಿಗೆ ಅದರಲ್ಲೇ ಹೊಟ್ಟೆಯುರಿ. ‘ತಮ್ ಪಾಡಿಗೆ ತಾವು ಇದ್ದೋರನ್ನ ಹುಡುಕ್ಕೊಂಡು ಹೋಗ್ತಾರೆ. ಹುಡುಕ್ಕೊಂಡು ಹೋದೋನನ್ನ ಹೇಳಿ ಕಳುಸ್ತೀವಿ ಅಂತಾರೆ. ಮೇಲಾಗ್ ಅವನಿಗೂ ಗಡ್ಡ ಇತ್ತು.’

ಕೊನೆಗೆ ಒಂದು ಫಾರಂ ಕೊಟ್ಟು ತುಂಬಿಸಿದರು. ಇನ್‌ಸ್ಟಾಗ್ರಾಮಿನಲ್ಲಿ ಎಷ್ಟು ಜನ ಫಾಲೋವರ್ಸ್ ಅಂತ ಅದರಲ್ಲೊಂದು ಕಾಲಂ. ಅದು ಕಡಿಮೆ ಇದ್ದದ್ದರಿಂದ ಇವನು ಪಕ್ಕದಲ್ಲಿ, ‘ಊರಿನಲ್ಲಿ ರಾತ್ರಿ ಪೂರ್ತಿ ಕೂತು ನೋಡುವವರು ಸಾವಿರಕ್ಕೂ ಮೇಲೆ’ ಅಂತ ಬರೆದು ಬಂದಿದ್ದಾನೆ. ಬೆಳಗಿನ ಜಾವಕ್ಕೆ ಉಳಿಯುವವರ ಲೆಕ್ಕ ಬರೆಯಲಿಲ್ಲ, ಜಾಣ.

ಗುರುವಾರ ಏನೂ ಇಲ್ಲ. ಆಟೋ, ಬಾಳೆಗೊನೆ, ಬಿಸಿಲು. ಸಂಜೆ ಕಾಂಪೌಂಡ್ ಕಲ್ಲಿನ ಮೇಲೆ ಕೂತು ಫಿಲಂ ಸಿಟಿ ವಿಷಯ ತೆಗೆದ. ನಮ್ಮ ತಾಲ್ಲೂಕಿನ ಹಿಮ್ಮಾವಿನಲ್ಲಿ ಫಿಲಂ ಸಿಟಿ ಆಗುತ್ತದೆ ಅನ್ನುವುದು ಇಲ್ಲಿನವರಿಗೆ ಮಳೆ ಬರುತ್ತದೆ ಅನ್ನುವಷ್ಟೇ ಹಳೆಯ ಸುದ್ದಿ. ಮೊದಲು ಇಲ್ಲೇ ಅಂದರು. ಸರ್ಕಾರ ಬದಲಾಯಿತು, ರಾಮನಗರ ಅಂದರು. ಮತ್ತೆ ಬದಲಾಯಿತು, ಬೆಂಗಳೂರಿನ ರೋರಿಚ್ ಎಸ್ಟೇಟ್ ಅಂದರು, ಹೆಸರಘಟ್ಟ ಅಂದರು. ಮತ್ತೆ ಬದಲಾಗಿ ಈಗ ನಮ್ಮಲ್ಲಿಗೇ ಬಂದಿದೆ: 2025-26ರ ಬಜೆಟ್ಟಿನಲ್ಲಿ 150 ಎಕರೆ, ಖಾಸಗಿಯವರ ಜೊತೆ ಸೇರಿ 500 ಕೋಟಿ. ಮನೆಯಿಂದ ಬುತ್ತಿ ಕಟ್ಟಿಕೊಂಡು ಶೂಟಿಂಗಿಗೆ ಹೋಗಬಹುದು ಅಂತ ಹುಡುಗನ ಲೆಕ್ಕಾಚಾರ. ಹತ್ತಿರದಲ್ಲಿ ಸ್ಟುಡಿಯೋ ಇದ್ದ ಕಾಲ ನಾವು ಕಂಡಿದ್ದೇವೆ. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ದಿನಗೂಲಿಗೆ ನಿಲ್ಲಲು ಸುತ್ತಲಿನ ಹುಡುಗರು ಹೋಗುತ್ತಿದ್ದರು. 1989ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಸತ್ತರು. ಪರದೆಯ ಮೇಲೆ ಹೆಸರು ಬಾರದ ಕೆಲಸಗಾರರು ಅವರಲ್ಲಿ ಎಷ್ಟೋ ಜನ. ತಾಯಿ ಆ ಮಾತನ್ನು ಮಗನ ಎದುರು ಎತ್ತುವುದಿಲ್ಲ, ನನ್ನ ಎದುರು ಎತ್ತುತ್ತಾರೆ.

ಫಿಲಂ ಸಿಟಿ ಆಗಿಯೇ ಆಯಿತು ಅನ್ನಿ, ನಮ್ಮವರಿಗೆ ಅಲ್ಲಿ ಮೊದಲು ಸಿಗುವುದು ಗೇಟಿನ ಸೆಕ್ಯೂರಿಟಿ ಕೆಲಸ. ಕೈಗಾರಿಕೆಗಳು ಬಂದಾಗಲೂ ಹಾಗೆಯೇ ಆಯಿತು, ಅದನ್ನು ನೋಡಿಯೇ ಹೇಳುತ್ತಿದ್ದೇನೆ.

ಶುಕ್ರವಾರ ಅವನ ವಾರದ ಅಸಲು ದಿನ. ಮಧ್ಯಾಹ್ನದ ಬಸ್ಸಿಗೆ ತಿ. ನರಸೀಪುರ. ಅಲ್ಲಿಂದ ಮೂಗೂರು ಕಡೆಯ ಒಂದು ಹಳ್ಳಿಯಲ್ಲಿ ನಾಟಕದ ಟ್ರಯಲ್. ಈ ಸಲ ಜೊತೆಗೆ ನಾನೂ ಹೋಗಿದ್ದೆ. ಸಂಗಮ ನೋಡಿ ಗುಂಜಾ ನರಸಿಂಹಸ್ವಾಮಿಗೆ ಕೈಮುಗಿದು ಬರುವ ನೆಪ, ಅಸಲಿಗೆ ನನಗೂ ನಾಟಕದ ಚಟ. ಕಪಿಲೆ ಕಾವೇರಿಗೆ ಸೇರುವ ಈ ಜಾಗದಲ್ಲಿ ಮೂರನೆಯ ನದಿ ಸ್ಫಟಿಕ ಸರೋವರ ಗುಪ್ತವಾಗಿದೆ, ಯಾರ ಕಣ್ಣಿಗೂ ಕಾಣುವುದಿಲ್ಲ. ಹುಡುಗ ನೀರನ್ನು ನೋಡುತ್ತಾ, ‘ಇದೂ ಮೂರ್ನೇದೇ’ ಅಂದ.

ಮೂಗೂರಿನ ಹೆಸರು ಬಂದಾಗಲೆಲ್ಲ ಆ ಕಡೆಯವರು ಎದೆಯುಬ್ಬಿಸುತ್ತಾರೆ. ಮೂಗೂರು ಸುಂದರ್ ಊರಿನ ಹೆಸರನ್ನು ಹೊತ್ತುಕೊಂಡೇ ಮದ್ರಾಸಿಗೆ ಹೋಗಿ ನೃತ್ಯ ನಿರ್ದೇಶಕರಾದವರು. ಮಗ ಪ್ರಭುದೇವ ಇಡೀ ದೇಶವನ್ನೇ ಕುಣಿಸಿದ. ಹಾಗಾಗಿ ಆ ದಾರಿಯ ಬಸ್‌ಸ್ಟ್ಯಾಂಡಿನಲ್ಲಿ ‘ಕಲೆಯಿಂದ ಅನ್ನ ಹುಟ್ಟಲ್ಲ’ ಅಂದರೆ ಯಾರೂ ಒಪ್ಪುವುದಿಲ್ಲ.

ಟ್ರಯಲ್ ನಡೆಯುವುದು ಗುಡಿಯ ಪಡಸಾಲೆಯಲ್ಲಿ, ರಾತ್ರಿ ಊಟವಾದ ಮೇಲೆ. ಲೆಗ್ ಹಾರ್ಮೋನಿಯಂ ಹಿಂದೆ ಮೇಷ್ಟ್ರು, ಎಡಗಾಲಲ್ಲಿ ತಿದಿ ತುಳಿಯುತ್ತಾ, ಬಾಯಲ್ಲಿ ಎಲೆಯಡಿಕೆ, ಕಣ್ಣಲ್ಲೇ ಬೈಗುಳ. ಕಣ್ಣಲ್ಲಿ ಮಾಡುವ ವಿದ್ಯೆ ನಮ್ಮಲ್ಲೂ ಇದೆ, ಮೇಷ್ಟ್ರಿಗೆ ಮಾತ್ರ. ದುರ್ಯೋಧನ ಇಟ್ಟಿಗೆ ಗೂಡಿನ ಯಜಮಾನ. ಶ್ರುತಿ ಎತ್ತ ಹೋದರೆ ತಾನು ಇತ್ತ. ಭೀಮ ಕರೆಂಟಿನ ಲೈನ್‌ಮನ್, ಸನ್ನಿವೇಶದ ಮಧ್ಯೆ ಫೋನು ಬಂದರೆ ಗದೆ ಇಟ್ಟು ಹೋಗುತ್ತಾನೆ. ಶಕುನಿ ತಾಲ್ಲೂಕು ಕಚೇರಿಯ ಮುಂದೆ ಕೂರುವ ಪತ್ರಬರಹಗಾರ, ಅವನಿಗೆ ಮೇಷ್ಟ್ರು ಏನೂ ಹೇಳಿಕೊಡಬೇಕಾಗಿಲ್ಲ. ಭೀಷ್ಮ ನಿವೃತ್ತ ಕಂಡಕ್ಟರ್. ಶರಶಯ್ಯೆಯ ಮೇಲೆ ಮಲಗಿದ್ದೇ ನಿದ್ದೆ ಹೋದರು.

ನಮ್ಮ ಹುಡುಗನ ಸರದಿ ಬಂದಾಗ ರಾತ್ರಿ ಒಂದು ಗಂಟೆ ದಾಟಿತ್ತು. ಕಪ್ಪು ಒಂದರ ಶ್ರುತಿ. ಅವನು ಎದ್ದು ನಿಂತು ಕಂದಪದ್ಯ ಎತ್ತಿದ. ಬೆಳಿಗ್ಗೆ ಬಾಳೆಗೊನೆ ಹೊತ್ತು ಭುಜ ಇಳಿದಿದ್ದ ಹುಡುಗ ಅವನಲ್ಲ. ಮೊದಲ ಸಾಲಿಗೇ ತಬಲದವನು ಹೊದ್ದ ಟವಲ್ ಕೆಳಗಿಟ್ಟು ನೆಟ್ಟಗೆ ಕೂತ. ಪದ್ಯದ ಕೊನೆಯಲ್ಲಿ ಸ್ವರ ಮೇಲೇರಿ ಅಲ್ಲೇ ನಿಂತಾಗ ಮೇಷ್ಟ್ರು ಹಾರ್ಮೋನಿಯಂ ಬಿಟ್ಟು ಬರೀ ಕೇಳಿದರು. ಹಾದಿಯಲ್ಲಿ ಹೋಗುತ್ತಿದ್ದ ಬೈಕಿನವನು ನಿಲ್ಲಿಸಿ ಎಂಜಿನ್ ಆರಿಸಿದ. ಭೀಷ್ಮರೂ ಎದ್ದು ಕೂತರು.

ಮುಗಿದ ಮೇಲೆ ಕಮಿಟಿಯವರು ಬಂದು ಮೆಲ್ಲಗೆ, ‘ಚೆನ್ನಾಗಾಯ್ತು ಕನಪ್ಪ. ಎರಡನೇ ಕಂತು ಇನ್ನೂ ಬಂದಿಲ್ವಲ್ಲ’ ಅಂದರು.

ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, ಎಲೆ ಮಡಿಸುತ್ತಾ ಹೇಳಿದರು: ‘ಮೊದಲನೇ ಕೃಷ್ಣನಿಗೆ ಕೊಡಬೇಕಾದ ಕಂಠ ಸ್ವಾಮಿ ಇದು. ನಾನೇನು ಮಾಡಲಿ? ಮೊದಲನೆಯವರು ಮೂರು ಪಟ್ಟು ಕೊಟ್ಟವ್ರೆ, ಅವರ ನೆಂಟರೇ ಎರಡು ಟ್ರ್ಯಾಕ್ಟರು ಬತ್ತಾರೆ.’ ಗುಬ್ಬಿ ಕಂಪನಿಯ ಕಾಲವಾಗಿದ್ದರೆ ಅಂತ ಅವರ ನಿಟ್ಟುಸಿರು. ಆ ಕಂಪನಿ ಕುರುಕ್ಷೇತ್ರ ಆಡಿದಾಗ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಆನೆಗೂ ಮೇವು ಹಾಕಿ ನಟನಿಗೂ ಸಂಬಳ, ಊಟ ಕೊಡುತ್ತಿದ್ದರು ಅನ್ನುವುದು. ಚಾಮರಾಜನಗರದಾಚೆಯ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಆ ಕಂಪನಿಯಲ್ಲಿ ಪಾತ್ರ ಮಾಡಿಯೇ ಸಂಸಾರ ಸಾಕಿದರು; ಮಗನನ್ನೂ ಅಲ್ಲಿಗೇ ಕರೆದುಕೊಂಡು ಹೋದರು. ಆ ಮಗನೇ ರಾಜಕುಮಾರ್. ಪಾತ್ರಕ್ಕೆ ದುಡ್ಡು ಕಟ್ಟು ಅಂತ ಅವತ್ತು ಯಾರಾದರೂ ಪುಟ್ಟಸ್ವಾಮಯ್ಯನವರನ್ನು ಕೇಳಿದ್ದರೆ ಕನ್ನಡ ಚಿತ್ರರಂಗದ ಗತಿ ಏನಾಗುತ್ತಿತ್ತೋ! ರಾಜಕುಮಾರರ ಊರು ಗಾಜನೂರಿನಲ್ಲಿ ಒಂದು ಜೊತೆ ಎತ್ತು ಹೆಚ್ಚಾಗುತ್ತಿತ್ತೋ ಏನೋ.

ಕೈಯಿಂದ ದುಡ್ಡು ಹಾಕಿ ನಾಟಕ ಆಡುವವರನ್ನು ನಾನು ಹೀಗಳೆಯುತ್ತಿಲ್ಲ. ಇಟ್ಟಿಗೆ ಗೂಡಿನವನು ವರ್ಷಕ್ಕೊಂದು ರಾತ್ರಿ ದುರ್ಯೋಧನನಾಗಲು ಸಂತೋಷದಿಂದ ಕೊಡುತ್ತಾನೆ, ಅವನ ದುಡ್ಡಿನಿಂದಲೇ ಈ ನಾಟಕಗಳು ಉಳಿದಿವೆ. ಅವರಿಲ್ಲದಿದ್ದರೆ ಮೇಷ್ಟ್ರ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ನನ್ನ ತಕರಾರು ಇಷ್ಟೆ: ಶೋಕಿಗೆ ಮಾಡುವವನಿಗೂ ಅದನ್ನೇ ಕಸುಬು ಮಾಡಿಕೊಳ್ಳಬೇಕು ಅನ್ನುವವನಿಗೂ ಒಂದೇ ರೇಟು ಪಟ್ಟಿ ಹಿಡಿದರೆ, ಎರಡನೆಯವನು ಯಾವತ್ತೂ ಮೂರನೆಯವನಾಗಿಯೇ ಇರುತ್ತಾನೆ. ಸರ್ಕಾರ ಬಡ ಕಲಾವಿದರಿಗೆ ಮಾಸಾಶನ ಕೊಡುತ್ತದೆ, ಅದು ಐವತ್ತೆಂಟು ತುಂಬಿದವರಿಗೆ. ಮೂವತ್ತೊಂದರ ಹುಡುಗ ಅಲ್ಲಿಯವರೆಗೆ ಏನು ತಿನ್ನಬೇಕು?

ರಾತ್ರಿ ವಾಪಸ್ ಬಸ್ಸಿಲ್ಲ. ಅವನ ಸೋದರಮಾವನ ಮನೆಯಲ್ಲಿ ಮಲಗಿ ಬೆಳಿಗ್ಗೆ ಹೊರಟೆವು. ಶನಿವಾರ ದಾರಿಯಲ್ಲಿ ಇನ್ನೊಂದು ಫೋನು: ದೊಡ್ಡ ಸಿನಿಮಾದಲ್ಲಿ ಹೀರೋನ ತಮ್ಮನ ಪಾತ್ರಕ್ಕೆ ನೀವು ಆಯ್ಕೆಯಾಗಿದ್ದೀರಿ, ಕಾರ್ಡ್ ಮಾಡಿಸಲು, ಫೋಟೋಶೂಟಿಗೆ ಅಂತ ಇಂತಿಷ್ಟು ಇವತ್ತೇ ಕಳಿಸಿ. ಇಂಥವಕ್ಕೆ ದುಡ್ಡು ಕಳಿಸಿ ಕೂತವರು ನಮ್ಮ ಕಡೆ ಎಷ್ಟೋ ಜನ. ನಮ್ಮವನು ಮಾತ್ರ, ‘ಪಾತ್ರಕ್ಕೆ ದುಡ್ಡು ಕೊಡೋದು ನಂಗೆ ರೂಢಿ ಸಾ. ಆದ್ರೆ ನಾನು ಕೊಡೋ ಕಡೆ ಹಾರ್ಮೋನಿಯಂ ಇರುತ್ತೆ. ನಿಮ್ಮತ್ರ ಐತಾ?’ ಅಂದು ಇಟ್ಟ. ಬಸ್ಸಿನಲ್ಲಿ ಕೂತಿದ್ದ ನನಗೆ ಚಪ್ಪಾಳೆ ತಟ್ಟುವಂತಾಯಿತು.

ಭಾನುವಾರ ಹೆಣ್ಣಿನ ಕಡೆಯವರು ಬಂದಿದ್ದರು. ಮದುವೆ ಬ್ರೋಕರು ಮೊದಲೇ ಹೇಳಿಟ್ಟಿದ್ದ: ನಾಟಕದ ಸುದ್ದಿ ಎತ್ತಬಾರದು, ಹುಡುಗ ಸ್ವಂತ ವ್ಯಾಪಾರಸ್ಥ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ಕೈ ಕಟ್ಟಿಕೊಂಡು, ತಗ್ಗಿದ ದನಿಯಲ್ಲಿ, ಕಣ್ಣಲ್ಲೇ ಎಲ್ಲ ಉತ್ತರ ಹೇಳುತ್ತಾ ಕೂತಿದ್ದ. ಬೆಂಗಳೂರಿನವರು ನೋಡಿದ್ದರೆ ಅಲ್ಲೇ ಅಡ್ವಾನ್ಸ್ ಕೊಡುತ್ತಿದ್ದರು. ಎಲ್ಲ ಸರಿಯಾಗಿಯೇ ಇತ್ತು. ಕಾಫಿ ಕುಡಿಯುವ ಹೊತ್ತಿಗೆ ಕಮಿಟಿಯವನೊಬ್ಬ ಬೈಕಿನಲ್ಲಿ ಬಂದು ಅಂಗಳದಲ್ಲೇ ‘ಮೂರ್ನೇ ಕೃಷ್ಣ ಅವ್ನಾ?’ ಅಂತ ಕೂಗಿ, ಒಂದು ಕಟ್ಟು ಕರಪತ್ರ ಜಗಲಿಯ ಮೇಲಿಟ್ಟು ಹೋದ. ಗುಲಾಬಿ ಬಣ್ಣದ ಹಾಳೆ. ಮೇಲೆ ರಾಜಕಾರಣಿಗಳ ಫೋಟೋ ಅಂಗೈಯಗಲ, ಕೆಳಗೆ ಪಾಂಡವರು, ಕೌರವರು ಅಂಚೆಚೀಟಿಯಷ್ಟು. ಮೂರನೇ ಸಾಲಿನ ತುದಿಯಲ್ಲಿ ಬೋಳಿಸಿದ ಕೆನ್ನೆಯ ನಮ್ಮ ಹುಡುಗ, ‘ಯುವ ಗಾಯಕ ನಟ’ ಅಂತ ಬಿರುದಿನೊಂದಿಗೆ.

ಹೆಣ್ಣಿನ ತಂದೆ ಹಾಳೆಯನ್ನು ಎತ್ತಿಕೊಂಡು, ಕನ್ನಡಕ ಏರಿಸಿ, ಪೂರ್ತಿ ಓದಿದರು. ಬ್ರೋಕರ್ ಮುಖ ಬಿಳುಪೇರಿತು. ‘ನಾನೂ ನಮ್ಮೂರಲ್ಲಿ ವಿದುರನ ಪಾರ್ಟು ಮಾಡಿದ್ದೆ ಕನ್ರೀ’ ಅಂದರು ಅವರು. ‘ಒಂದು ಮೂಟೆ ಭತ್ತ ಮಾರಿದ್ದೆ.’ ಸಂಬಂಧ ಏನಾಗುತ್ತದೋ ಇನ್ನೂ ತಿಳಿದಿಲ್ಲ. ಮಗಳನ್ನು ಕೇಳಿ ಹೇಳುತ್ತೇವೆ ಅಂದಿದ್ದಾರೆ. ಬೆಂಗಳೂರಿನವರ ಹಾಗೆ ‘ಹೇಳಿ ಕಳಿಸ್ತೀವಿ’ ಅಂತ ಅನ್ನಲಿಲ್ಲ ಅನ್ನುವುದೇ ತಾಯಿಗೆ ಸಮಾಧಾನ.

ನಾಟಕ ಬರುವ ಶನಿವಾರ ರಾತ್ರಿ. ಕರಪತ್ರದಲ್ಲಿ ಎಂಟೂವರೆ ಅಂತ ಹಾಕಿದ್ದಾರೆ, ಹತ್ತಕ್ಕೆ ಮುಂಚೆ ಪರದೆ ಏಳುವುದಿಲ್ಲ. ತಿ. ನರಸೀಪುರದ ಕಡೆ ನಿಮಗೆ ನೆಂಟರಿದ್ದರೆ ಬನ್ನಿ. ಬೇಕಾದರೆ ಮೊದಲ ಇಬ್ಬರು ಕೃಷ್ಣರ ಕಾಲದಲ್ಲಿ ಒಂದು ನಿದ್ದೆ ಮಾಡಿ, ಮೂರು ಗಂಟೆಗೆ ಎದ್ದು ಮುಂದಿನ ಸಾಲಿಗೆ ಬಂದು ಕೂತುಕೊಳ್ಳಿ. ಹೂವಿನ ಹಾರ, ಶಾಲು ತರಬೇಡಿ; ಅವು ಅವನ ಮನೆಯಲ್ಲಿ ಬೇಕಾದಷ್ಟಿವೆ. ಆ ದುಡ್ಡನ್ನು ಕಮಿಟಿಯವರ ಕೈಗೆ ಕೊಟ್ಟು, ಮೂರನೇ ಕೃಷ್ಣನ ಬಾಕಿ ಕಂತಿಗೆ ಜಮಾ ಮಾಡಿಕೊಳ್ಳಿ ಅಂತ ಹೇಳಿ, ರಸೀದಿ ಕೇಳಿ ಪಡೆಯಿರಿ.